ಮೋಸೆಲ್ ದಂಡೆಯಲ್ಲಿ ಒಂದು ಅಧ್ಯಾಯ

ಆದಿತ್ಯವಾರ, ಫ್ರಾಂಕ್‌ಫರ್ಟ್

ನಾನು ಆದಿತ್ಯವಾರ ಜರ್ಮನಿಗೆ ಬಂದಿಳಿದೆ, ನನ್ನ ಪೆಟ್ಟಿಗೆ ಗುರುವಾರ ಬಂತು. ನಡುವಿನ ನಾಲ್ಕು ದಿನ ಅದು ಯಾವ ಊರಿನ ಯಾವ ಮೂಲೆಯಲ್ಲಿ ಕೂತಿತ್ತೋ ದೇವರಿಗೇ ಗೊತ್ತು.

ವಿಮಾನ ನಿಲ್ದಾಣದಲ್ಲಿ ಸಾಮಾನು ಸುತ್ತುವ ಪಟ್ಟಿಯ ಮುಂದೆ ಒಂದು ಗಂಟೆ ನಿಂತೆ. ಎಲ್ಲರೂ ತಮ್ಮ ತಮ್ಮದನ್ನು ಎತ್ತಿಕೊಂಡು ಹೋದರು. ಕೊನೆಗೆ ಉಳಿದದ್ದು ಯಾರದೋ ಮಗುವಿನ ತಳ್ಳುಗಾಡಿ ಮತ್ತು ನಾನು. ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ನನ್ನ ಹರಕು ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿ ಬರೆದುಕೊಂಡಳು. ಬಣ್ಣ? ನೀಲಿ. ಗುರುತು? ಹಿಡಿಕೆಗೆ ಬಾಳೆನಾರು ಕಟ್ಟಿದೆ ಅಂದೆ. ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಉಡುಪಿ ಬಳಿಯ ಶಿರ್ವದ ನಮ್ಮ ಮನೆಯ ಹಿತ್ತಲಲ್ಲಿ ಮಲ್ಲಿಗೆ ಗಿಡಗಳಿವೆ, ಹೂ ಕಟ್ಟಿ ಉಳಿದ ಬಾಳೆನಾರಿನಲ್ಲಿ ನಾವು ಗೇಟಿನ ಚಿಲಕದಿಂದ ಹಿಡಿದು ಕನ್ನಡಕದ ಕಾಲಿನವರೆಗೆ ಎಲ್ಲವನ್ನೂ ಕಟ್ಟುತ್ತೇವೆ ಎಂದು ಅವಳಿಗೆ ಹೇಗೆ ತಿಳಿಸಲಿ? ನಗುತ್ತಾ ತಲೆಯಾಡಿಸಿದೆ. ಅವಳೂ ನಕ್ಕಳು. ಪರದೇಶದಲ್ಲಿ ಮೊದಲು ಸಿಕ್ಕಿದ ಹೆಂಗಸು ನಗುವವಳಾಗಿದ್ದಳು. ಅದೊಂದು ಸಣ್ಣ ಉಪಕಾರ ಎಂದು ಮನಸ್ಸಿನಲ್ಲೇ ಎಣಿಸಿಕೊಂಡೆ.

ಹೊರಗೆ ಅಕ್ಕ ನಿಂತಿದ್ದಳು. ಮನೆಯಲ್ಲಿ ಅವಳು ಲಿಲ್ಲಿ, ಇಲ್ಲಿ ಸಿಸ್ಟರ್ ಬೆನೆಡಿಕ್ಟಾ. ನನಗೆ ಆರು ವರ್ಷವಾಗಿದ್ದಾಗ ಮಠ ಸೇರಿದವಳು. ವ್ರತ ತೊಟ್ಟು ಐವತ್ತು ವರ್ಷವಾಯಿತು, ಆ ಜುಬಿಲಿಗೇ ನಾನು ಬಂದದ್ದು. ಅವಳ ಕೈಯಲ್ಲಿ ನನ್ನ ಹೆಸರು ಬರೆದ ರಟ್ಟು.

"ಸ್ವಂತ ತಂಗಿಯ ಗುರುತು ಸಿಕ್ಕುವುದಿಲ್ವಾ ನಿನಗೆ?" ಎಂದೆ.

"ನೋಡದೆ ಹನ್ನೆರಡು ವರ್ಷ ಆಯ್ತು. ನೀನು ಎಷ್ಟು ಅಗಲ ಆಗಿದ್ದೀ ಅಂತ ನನಗೆ ಹೇಗೆ ಗೊತ್ತಾಗುವುದು ಮಾರಾಯ್ತಿ?" ಎಂದು ಅಪ್ಪಿಕೊಂಡಳು. "ಪೆಟ್ಟಿಗೆ ಎಲ್ಲಿ?"

ಹೇಳಿದೆ.

"ಅದರಲ್ಲಿ ಎಂತ ಉಂಟು?"

"ಜುಬಿಲಿಗೆ ಉಡುವ ಸೀರೆ. ಕೋರಿ ರೊಟ್ಟಿ. ಒಣಸಿಗಡಿ ಚಟ್ನಿ. ಮತ್ತೆ ನನ್ನ ಬೈಬಲ್."

"ಚಟ್ನಿಯ ಬಾಟ್ಲಿ ಒಡೆದು ಬೈಬಲಿಗೆ ತಾಗದಿದ್ದರೆ ಸಾಕು," ಎಂದಳು ಅಕ್ಕ.

ಬೈಬಲನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಬಜಪೆಯ ವಿಮಾನ ನಿಲ್ದಾಣದಲ್ಲಿ ಕೈಚೀಲದ ತೂಕ ಹೆಚ್ಚಾಯಿತೆಂದು ತೆಗೆದು ಪೆಟ್ಟಿಗೆಗೆ ತುರುಕಬೇಕಾಯಿತು. ನನಗೆ ಸೀರೆಯ ಚಿಂತೆ ಇರಲಿಲ್ಲ. ಬೈಬಲಿನ ಚಿಂತೆ ಇತ್ತು. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಶಿರ್ವದಿಂದ ಹೊತ್ತು ತಂದದ್ದು

ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ವಾರ್ಡಿನಲ್ಲಿ ತಿಂಗಳಿಗೆರಡು ಸಲ ಒಂದೊಂದು ಮನೆಯಲ್ಲಿ ಬೈಬಲ್ ಕೂಟ ಸೇರುತ್ತದೆ. ಹದಿನಾರು ವರ್ಷದಿಂದ ಅದನ್ನು ನಡೆಸುವವಳು ನಾನು. ಒಂದು ಭಾಗ ಓದುತ್ತೇವೆ, ಹತ್ತು ನಿಮಿಷ ಮೌನವಾಗಿ ಕೂರುತ್ತೇವೆ, ಆಮೇಲೆ ಒಬ್ಬೊಬ್ಬರೂ "ನನಗೆ ಈ ಮಾತು ಹೀಗೆ ಮುಟ್ಟಿತು" ಎಂದು ಹೇಳುತ್ತೇವೆ. ಯಾರಿಗಾದರೂ ದೊಡ್ಡ ಕಷ್ಟವಿದ್ದರೆ ಕೊನೆಯಲ್ಲಿ ಪ್ರಾರ್ಥಿಸಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುತ್ತೇವೆ. ಇದಕ್ಕೆ ನಮ್ಮಲ್ಲಿ ವಾಕ್ಯ ತೆಗೆಯುವುದು ಎನ್ನುತ್ತಾರೆ. ನನ್ನ ಬೆರಳಿಗೆ ಒಳ್ಳೆಯ ವಾಕ್ಯ ಸಿಗುತ್ತದೆ ಎಂದು ವಾರ್ಡಿನಲ್ಲಿ ಹೆಸರು. ಮಗಳಿಗೆ ಗಂಡು ನೋಡುವಾಗ, ಗಲ್ಫಿಗೆ ಹೋಗುವ ಮೊದಲು, ಆಪರೇಷನಿನ ಹಿಂದಿನ ದಿನ ಜನ ನಮ್ಮ ಮನೆಗೆ ಬರುತ್ತಾರೆ. ಅದರಿಂದ ಎಷ್ಟೋ ಮಂದಿಗೆ ಧೈರ್ಯ ಬಂದದ್ದನ್ನು ನಾನೇ ಕಂಡಿದ್ದೇನೆ.

ಈಸ್ಟರ್ ಹಬ್ಬದ ಮೊದಲಿನ ತಪಸ್ಸು ಕಾಲದಲ್ಲಿ ಜೆಸಿಂತಾ ಬಂದಳು. ಎರಡು ಮನೆ ಆಚೆಯ ಹುಡುಗಿ, ಮದುವೆಯಾಗಿ ಕಾಪುವಿಗೆ ಹೋದವಳು. ಗಂಡ ಕುವೈತಿನಲ್ಲಿ. ಮನೆಯಲ್ಲಿ ಅವಳು ಮತ್ತು ಅತ್ತೆ. ಅತ್ತೆಯ ಕಾಟ ತಾಳಲಾರದೆ ತಾಯಿಯ ಮನೆಗೆ ಬಂದು ಕೂತಿದ್ದಳು. ಗಂಡ ಫೋನಿನಲ್ಲಿ, "ಅಮ್ಮ ಹೇಳಿದ ಹಾಗೆ ಕೇಳು" ಎನ್ನುವುದೊಂದೇ. ಕೂಟದಲ್ಲಿ ಅವಳಿಗಾಗಿ ಪ್ರಾರ್ಥಿಸಿ ನಾನು ವಾಕ್ಯ ತೆಗೆದೆ. ಬೆರಳು ನಿಂತದ್ದು ಹಾಗರಳ ಕಥೆಯಲ್ಲಿ. ಅಬ್ರಹಾಮನ ಹೆಂಡತಿ ಸಾರಾಳ ದಾಸಿ ಹಾಗರಳು. ಒಡತಿಯ ಕಾಟಕ್ಕೆ ಮರುಭೂಮಿಗೆ ಓಡಿಹೋಗುತ್ತಾಳೆ, ದೇವದೂತ ಬಂದು ಒಡತಿಯ ಬಳಿಗೆ ಹಿಂತಿರುಗಿ ಅವಳಿಗೆ ತಗ್ಗಿ ನಡೆ ಎನ್ನುತ್ತಾನೆ. ಆ ಒಂದು ಸಾಲು. ಕೂಟದಲ್ಲಿದ್ದ ಎಲ್ಲರ ಮೈ ಜುಮ್ಮೆಂದಿತು. ಇಷ್ಟು ಸ್ಪಷ್ಟವಾದ ವಾಕ್ಯ ಹದಿನಾರು ವರ್ಷದಲ್ಲಿ ಬಂದಿರಲಿಲ್ಲ. ಮರುದಿನ ಬೆಳಿಗ್ಗೆಯೇ ಜೆಸಿಂತಾ ಕಾಪುವಿಗೆ ಹೋದಳು.

ಆಗಸ್ಟಿನಲ್ಲಿ ಮತ್ತೆ ಬಂದಾಗ ಬಲಗೈ ಪ್ಲಾಸ್ಟರಿನಲ್ಲಿತ್ತು. ಮಣಿಪಾಲದಲ್ಲಿ ಹಾಕಿದ್ದು. "ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿದೆ" ಎಂದಳು. ನನ್ನ ಮುಖ ನೋಡಿ ಹೇಳಲಿಲ್ಲ.

ಅವಳನ್ನು ಕರೆದುಕೊಂಡು ಹೋಗಲು ಗಂಡನ ಕಡೆಯವರು ಬರುವುದೆಂದು ದಿನ ನಿಶ್ಚಯವಾಯಿತು. ಗುರ್ಕಾರ ಪಾವ್ಲು ಮಾಮ, ಅಂದರೆ ನಮ್ಮ ವಾರ್ಡಿನ ಹಿರಿಯ, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಬೇಕು. ಅದು ನಾನು ಜರ್ಮನಿಯಲ್ಲಿರುವ ಎರಡನೇ ಆದಿತ್ಯವಾರ. ಹೊರಡುವ ಮುನ್ನಾದಿನ ಜೆಸಿಂತಾ ಮಲ್ಲಿಗೆ ಗಿಡಗಳ ನಡುವೆ ಬಂದು ನಿಂತಳು.

"ಸೆವ್ರಿನ್ ಬಾಯಿ, ಅಲ್ಲಿ ಮಠದಲ್ಲಿ ಪ್ರಾರ್ಥನೆ ಮಾಡಿ ನನಗೆ ಇನ್ನೊಂದು ವಾಕ್ಯ ತೆಗೀತೀರಾ? ಎಂತ ಬರ್ತದೋ ಹಾಗೇ ಮಾಡ್ತೇನೆ."

ಆಯಿತು ಎಂದೆ.

ಸೋಮವಾರ, ಮಠ

ಅಕ್ಕನ ಮಠ ಇರುವುದು ಮೋಸೆಲ್ ಎಂಬ ಹೊಳೆಯ ದಂಡೆಯಲ್ಲಿ. ಎರಡೂ ಕಡೆ ಕಡಿದಾದ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ಆ ಇಳಿಜಾರಿನಲ್ಲಿ ಆಡು ಸಹ ನಿಲ್ಲಲಾರದು, ಮನುಷ್ಯರು ನಿಂತು ದ್ರಾಕ್ಷಿ ಕೊಯ್ಯುತ್ತಾರೆ. ಶಂಕರಪುರದ ಹೆಂಗಸರು ಸೂರ್ಯ ಹುಟ್ಟುವ ಮೊದಲು ಮಲ್ಲಿಗೆ ಮೊಗ್ಗು ಕೊಯ್ಯುವುದು ನೆನಪಾಯಿತು. ಇಲ್ಲಿಯವರು ಒಂದೊಂದು ಗೊನೆಯನ್ನೂ ತಿರುಗಿಸಿ ನೋಡಿ, ಕೊಳೆತದ್ದನ್ನು ಕಿತ್ತು, ಉಳಿದದ್ದನ್ನು ಬುಟ್ಟಿಗೆ ಹಾಕುತ್ತಾರೆ. ಅವಸರವಿಲ್ಲ, ಬೊಬ್ಬೆಯಿಲ್ಲ.

ಈ ಜನರಿಗೆ ಎಲ್ಲದಕ್ಕೂ ಒಂದು ಕ್ರಮ. ಕಸ ಹಾಕಲು ನಾಲ್ಕು ಡಬ್ಬಿ. ನಾನು ಚಹಾದ ಪುಡಿಚೀಲವನ್ನು ಹಳದಿ ಡಬ್ಬಿಗೆ ಹಾಕಿದ್ದಕ್ಕೆ ಎಂಬತ್ತು ದಾಟಿದ ಒಬ್ಬ ಸಿಸ್ಟರ್ ಅದನ್ನು ಹೆಕ್ಕಿ, ದಾರ ಬೇರೆ, ಕಾಗದ ಬೇರೆ, ಪುಡಿ ಬೇರೆ ಮಾಡಿ ತೋರಿಸಿದರು. ಬೈಯಲಿಲ್ಲ, ಮಗುವಿಗೆ ಕಲಿಸಿದ ಹಾಗೆ ಕಲಿಸಿದರು. ಪೇಟೆಯಲ್ಲಿ ಕೆಂಪು ದೀಪವಿದ್ದರೆ, ಕಣ್ಣಿಗೆ ಕಾಣುವಷ್ಟು ದೂರ ಒಂದು ಸೈಕಲ್ಲೂ ಇಲ್ಲದಿದ್ದರೂ, ಜನ ನಿಂತೇ ಇರುತ್ತಾರೆ. ನಾನು ದಾಟಲು ಹೆಜ್ಜೆಯಿಟ್ಟೆ. ಅಕ್ಕ ಸೆರಗು ಹಿಡಿದು ಎಳೆದಳು. "ಇದು ಉಡುಪಿ ಬಸ್ ಸ್ಟ್ಯಾಂಡ್ ಅಲ್ಲ!"

ಊಟದ ಹೊತ್ತಿಗೆ ಮಾತಿಲ್ಲ. ಒಬ್ಬರು ನಿಂತು ಪುಸ್ತಕ ಓದುತ್ತಾರೆ, ಉಳಿದವರು ತಿನ್ನುತ್ತಾರೆ. ತಣ್ಣನೆಯ ಬ್ರೆಡ್ಡು, ತಣ್ಣನೆಯ ಮಾಂಸ, ಗುಳ್ಳೆ ಬರುವ ನೀರು. ಮೊದಲ ಗುಟುಕಿಗೇ ನನಗೆ ತೇಗು ಬಂತು. ಆ ಮೌನದಲ್ಲಿ ಅದು ಇಗರ್ಜಿಯ ಗಂಟೆಯಷ್ಟು ದೊಡ್ಡದಾಗಿ ಕೇಳಿಸಿತು. ಓದುತ್ತಿದ್ದವರು ಒಂದು ಕ್ಷಣ ನಿಲ್ಲಿಸಿದರು. ಯಾರೂ ತಲೆ ಎತ್ತಲಿಲ್ಲ, ಆದರೆ ಎದುರಿನ ಸಾಲಿನಲ್ಲಿ ಏಳೆಂಟು ಹೆಗಲುಗಳು ಕುಲುಕುತ್ತಿದ್ದವು.

ಒಂದು ವಸ್ತು ಮಾತ್ರ ನನ್ನ ಕೈಚೀಲದಲ್ಲೇ ಉಳಿದಿತ್ತು. ಮೊಂತಿ ಹಬ್ಬದಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆ. ಹೊಸ ಅಕ್ಕಿಯ ಹಬ್ಬದ ಆ ತೆನೆಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಪಾಲು, ದೂರದಲ್ಲಿದ್ದವರಿಗೂ. ಅಕ್ಕ ಉಗುರಿನಿಂದ ಕಾಳು ಸುಲಿದು, ಬಿಸಿ ಹಾಲಿಗೆ ಹಾಕಿ, ಇಪ್ಪತ್ತಮೂರು ಸಿಸ್ಟರುಗಳಿಗೂ ಒಂದೊಂದು ಚಮಚ ಕೊಟ್ಟಳು. ಒಬ್ಬೊಬ್ಬರ ಪಾಲಿಗೆ ಒಂದು ಕಾಳು ಬಂತೋ ಅರ್ಧ ಬಂತೋ. ಎಲ್ಲರೂ ಕಣ್ಣು ಮುಚ್ಚಿ ನುಂಗಿದರು.

ಮಂಗಳವಾರ, ಪುಸ್ತಕದ ಕೋಣೆ

ಪೆಟ್ಟಿಗೆ ಬರಲಿಲ್ಲ. ದಿನ ಹೋಗುತ್ತಿತ್ತು. ಬೇರೆ ದಾರಿ ಕಾಣದೆ ಪುಸ್ತಕದ ಕೋಣೆಗೆ ಹೋಗಿ ಜರ್ಮನ್ ಬೈಬಲನ್ನೇ ತೆಗೆದೆ. ದೇವರಿಗೆ ಯಾವ ಭಾಷೆಯಾದರೇನು ಅಂದುಕೊಂಡು ಪ್ರಾರ್ಥಿಸಿ, ಕಣ್ಣು ಮುಚ್ಚಿ ಬೆರಳಿಟ್ಟು, ಹಾಗೇ ಬೆರಳು ಕದಲಿಸದೆ ಅಕ್ಕನನ್ನು ಕೂಗಿದೆ.

ಅಕ್ಕ ಕನ್ನಡಕ ಹಾಕಿ ಬಗ್ಗಿದಳು. "ಪರದೆಯ ಉದ್ದ ಇಪ್ಪತ್ತೆಂಟು ಮೊಳ, ಅಗಲ ನಾಲ್ಕು ಮೊಳ."

"ಅಷ್ಟೆಯಾ?"

"ಎಲ್ಲಾ ಪರದೆಗಳಿಗೂ ಒಂದೇ ಅಳತೆ. ಇನ್ನೆಂತ ಬೇಕು ನಿನಗೆ? ಕಿಟಕಿಗೆ ಹೊಲಿಸ್ಲಿಕ್ಕೆ ಉಂಟಾ?"

ನನಗೆ ನಗು ಬರಲಿಲ್ಲ. ಅಳು ಬಂತು. ಅಕ್ಕ ಕುರ್ಚಿ ಎಳೆದು ಕೂತಳು. ಜೆಸಿಂತಾಳ ವಿಷಯವೆಲ್ಲ ಹೇಳಿದೆ, ಆ ಪ್ಲಾಸ್ಟರಿನ ಕೈಯವರೆಗೆ. ಹೇಳಿ ಮುಗಿದ ಮೇಲೆ ಅವಳು ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದಳು.

"ನಾಳೆ ಫ್ರಾವ್ ಹಾನ್ನೆಲೋರೆ ಬರ್ತಾರೆ. ಅವರ ಹತ್ತಿರ ಹೇಳುವ," ಎಂದಳು.

ಬುಧವಾರ, ಬಣ್ಣದ ಪೆನ್ಸಿಲುಗಳು

ಫ್ರಾವ್ ಎಂದರೆ ನಮ್ಮ ಬಾಯಿ, ಅಮ್ಮ ಎಂಬ ಹಾಗೆ ಗೌರವದ ಮಾತು. ಹಾನ್ನೆಲೋರೆಯವರು ವಿಶ್ವವಿದ್ಯಾಲಯದಲ್ಲಿ ಬೈಬಲಿನ ಹಳೆ ಒಡಂಬಡಿಕೆ ಕಲಿಸಿ ನಿವೃತ್ತರಾದವರು. ನಮ್ಮ ಸಭೆಯವರಲ್ಲ, ಪ್ರಾಟೆಸ್ಟೆಂಟ್. ಆದರೂ ಪ್ರತಿ ಬುಧವಾರ ಪಕ್ಕದ ಊರಿನಿಂದ ಸೈಕಲ್ ತುಳಿದುಕೊಂಡು ಬಂದು ಸಿಸ್ಟರುಗಳಿಗೆ ಪಾಠ ಹೇಳುತ್ತಾರೆ. ಪ್ರೊಫೆಸರ್ ಎಂದರೆ ದೊಡ್ಡ ಚೀಲದ ತುಂಬ ಪುಸ್ತಕ ತರುತ್ತಾರೆ ಎಂದುಕೊಂಡಿದ್ದೆ. ಅವರು ತಂದದ್ದು ಒಂದು ತಗಡಿನ ಡಬ್ಬಿ, ಅದರ ತುಂಬ ಬಣ್ಣದ ಪೆನ್ಸಿಲು.

ಅಕ್ಕ ನನ್ನ ಕಥೆಯನ್ನು ಹೆಸರು ಹೇಳದೆ ತಿಳಿಸಿದಳು. ಅವರು ಅಂದಿನ ಪಾಠವನ್ನು ಪಕ್ಕಕ್ಕಿಟ್ಟು ಹಾಗರಳ ಅಧ್ಯಾಯದ ಪ್ರತಿ ತೆಗೆಸಿ ಮೇಜಿನ ಸುತ್ತ ಕೂತ ಏಳು ಮಂದಿಗೂ ಹಂಚಿದರು. ಒಂದು ನಿಯಮವಿತ್ತು. ಮೊದಲ ಅರ್ಧ ಗಂಟೆ ಯಾರೂ "ನನಗೆ" ಎಂಬ ಮಾತು ಆಡುವಂತಿಲ್ಲ. ಪುಟದಲ್ಲಿ ಕಂಡದ್ದನ್ನು ಮಾತ್ರ ಹೇಳಬೇಕು. ನಮ್ಮ ಕೂಟದಲ್ಲಾದರೆ ಆ ಮಾತಿಲ್ಲದೆ ಯಾರೂ ಬಾಯಿ ತೆರೆಯುವುದೇ ಇಲ್ಲ!

ಯಾರು ಮಾತಾಡುತ್ತಾರೋ ಅವರಿಗೆ ಒಂದೊಂದು ಬಣ್ಣ. ಅಕ್ಕ ನನಗೆ ಸಾಲುಸಾಲಾಗಿ ಕೊಂಕಣಿಯಲ್ಲಿ ಹೇಳುತ್ತಾ ಹೋದಳು, ನಾನು ಗೀಟೆಳೆದೆ. ಸಾರಾಳಿಗೆ ಕೆಂಪು. ಅಬ್ರಹಾಮನಿಗೆ ನೀಲಿ. ಅರ್ಧ ಪುಟ ಕೆಂಪು ನೀಲಿಯಾಯಿತು, ಹಾಗರಳ ಹಸಿರು ಎಲ್ಲಿಯೂ ಬರಲಿಲ್ಲ.

"ಅವಳನ್ನು ಅವರಿಬ್ಬರೂ ಎಂತ ಹೇಳಿ ಕರೀತಾರೆ, ನೋಡು," ಅಕ್ಕ ಅವರ ಪ್ರಶ್ನೆಯನ್ನು ಕೊಂಕಣಿಗೆ ತಿರುಗಿಸಿದಳು.

ನೋಡಿದೆವು. ದಾಸಿ. ನನ್ನ ದಾಸಿ, ನಿನ್ನ ದಾಸಿ. ಹೆಸರು ಒಮ್ಮೆಯೂ ಅವರ ಬಾಯಿಯಲ್ಲಿ ಬರುವುದಿಲ್ಲ.

"ಮೊದಲು ಹೆಸರು ಹಿಡಿದು ಕರೆದದ್ದು ಯಾರು?"

ದೇವದೂತ. ಕರೆದು ಅವನು ಮೊದಲು ಹೇಳಿದ್ದು ಹಿಂತಿರುಗು ಎಂದಲ್ಲ. ಮೊದಲು ಕೇಳಿದ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿದ್ದೀ ಎಂದು ಎರಡು ಪ್ರಶ್ನೆ. ಹಾಗರಳು ಎಲ್ಲಿಂದ ಎಂಬುದಕ್ಕೆ ಉತ್ತರ ಕೊಟ್ಟಳು. ಎಲ್ಲಿಗೆ ಎಂಬುದಕ್ಕೆ ಕೊಡಲಿಲ್ಲ. ಪ್ರಾಯಶಃ ಅವಳಿಗೇ ಗೊತ್ತಿರಲಿಲ್ಲ.

ಈ ಅಧ್ಯಾಯವನ್ನು ನಾನು ಎಷ್ಟು ಸಲ ಓದಿಲ್ಲ! ಆ ಪ್ರಶ್ನೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನನ್ನ ಬೆರಳು ನಿಂತದ್ದು ಅದರ ಕೆಳಗಿನ ಸಾಲಿನಲ್ಲಿ. ಜೆಸಿಂತಾ ನಮ್ಮ ಚಾವಡಿಯಲ್ಲಿ ಕೂತಿದ್ದಾಗ ಅವಳನ್ನು ನಾನು ಏನು ಕೇಳಿದ್ದೆ? ಅವಳಿಗೆ ಚಹಾ ಕೊಟ್ಟೆ, ಅವಳಿಗಾಗಿ ಪ್ರಾರ್ಥಿಸಿದೆ, ವಾಕ್ಯ ತೆಗೆದೆ. ಕೇಳಿದ್ದು ಏನೂ ಇಲ್ಲ.

ಅಷ್ಟರಲ್ಲಿ ಫ್ರಾವ್ ಹಾನ್ನೆಲೋರೆ ಇನ್ನೊಂದು ಹಾಳೆ ಕೊಟ್ಟರು. ಮುಂದೆ ಕೆಲವು ಅಧ್ಯಾಯಗಳಾದ ಮೇಲೆ ಹಾಗರಳು ಮತ್ತೆ ಮರುಭೂಮಿಯಲ್ಲಿದ್ದಾಳೆ, ಈ ಸಲ ಮಗನ ಜೊತೆ. ನೀರು ಮುಗಿದಿದೆ. ದೇವರು ಅಲ್ಲಿಯೂ ಮಾತಾಡುತ್ತಾನೆ. ಆದರೆ ಹಿಂತಿರುಗು ಎನ್ನುವುದಿಲ್ಲ. ಅವಳ ಕಣ್ಣು ತೆರೆಸಿ ಬಾವಿ ತೋರಿಸುತ್ತಾನೆ. ಒಂದೇ ಹೆಂಗಸಿನ ಕಥೆಯನ್ನು ಬೇರೆ ಬೇರೆ ಕಾಲದ ಜನ ಬೇರೆ ಬೇರೆ ಹೇಳಿರಬಹುದು, ಕೂಡಿಸಿ ಬರೆದವರು ಎರಡನ್ನೂ ಉಳಿಸಿಕೊಂಡರು ಎಂದು ವಿದ್ವಾಂಸರಲ್ಲಿ ಅನೇಕರ ಮತವಂತೆ. ಹಿಂತಿರುಗು ಎಂಬ ಆ ಸಾಲನ್ನೇ ಎರಡು ಕಥೆಗಳನ್ನು ಜೋಡಿಸಲು ಆಮೇಲೆ ಸೇರಿಸಿರಬಹುದು ಎನ್ನುವವರೂ ಇದ್ದಾರಂತೆ.

ನಾನು ಪೆನ್ಸಿಲು ಕೆಳಗಿಟ್ಟೆ. "ಹಾಗಾದ್ರೆ ಅದು ದೇವರ ವಾಕ್ಯ ಅಲ್ವಾ?"

ಅಕ್ಕನ ಮುಖವೂ ಕೆಂಪಾಗಿತ್ತು. ಅವಳು ಜರ್ಮನಿನಲ್ಲಿ ಬಿರುಸಾಗಿ ಏನೋ ಹೇಳಿದಳು, ಆಮೇಲೆ ನನಗೂ ಹೇಳಿದಳು. "ನಾನು ಈ ದೇಶಕ್ಕೆ ಬಂದಾಗ ಭಾಷೆ ಬರ್ತಿರಲಿಲ್ಲ. ಒಂದು ಇಡೀ ಚಳಿಗಾಲ ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೆಯುವಾಗ ಬೈಬಲಿನ ಕೀರ್ತನೆಯ ಒಂದೇ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅದರ ಹಿಂದೆ ಎಂತ ಉಂಟು, ಮುಂದೆ ಎಂತ ಉಂಟು, ಯಾರು ಬರೆದದ್ದು, ನನಗೆ ಯಾರೂ ಹೇಳಲಿಲ್ಲ. ಅದು ಮೋಸವಾ ಅಂತ ಕೇಳಿದೆ."

ಮುದುಕಿ ಪ್ರೊಫೆಸರ್ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ ಮೆಲ್ಲಗೆ ಉತ್ತರ ಕೊಟ್ಟರು. ಅಕ್ಕ ಅದನ್ನೂ ತಿರುಗಿಸಿದಳು.

"ಮೋಸ ಅಲ್ಲವಂತೆ. ಆ ಸಾಲು ನನಗೆ ಬಂತು, ನಾನು ಅದನ್ನು ಹೊತ್ತೆ. ಇನ್ನೊಬ್ಬಳ ತಲೆಯ ಮೇಲೆ ಇಡಲಿಲ್ಲ. ಇಡುವ ಮೊದಲು ಇಡೀ ಪುಟ ಓದಬೇಕು, ಅಷ್ಟೇ ಅವರು ಹೇಳುವುದಂತೆ."

ನಾನು ತಲೆ ತಗ್ಗಿಸಿದೆ. ಏಳು ಮಂದಿಯ ಮುಂದೆ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮುರಿದ ಜಾಗ ಯಾವುದೆಂದು ವೈದ್ಯರು ಬೆರಳಿಟ್ಟು ತೋರಿಸಿದಾಗ ನೋವಿನ ಜೊತೆ ಒಂದು ಬಗೆಯ ಸಮಾಧಾನವೂ ಆಗುತ್ತದಲ್ಲ, ಹಾಗಾಯಿತು.

ಆಮೇಲೆ ಅವರೇ ಕೇಳಿದರು, ನಿಮ್ಮ ಊರಿನಲ್ಲಿ ಓದಿದ ಮೇಲೆ ಏನು ಮಾಡುತ್ತೀರಿ ಎಂದು. ಹತ್ತು ನಿಮಿಷ ಸುಮ್ಮನೆ ಕೂರುತ್ತೇವೆ ಎಂದೆ. ಹತ್ತು ನಿಮಿಷವೇ ಎಂದು ಅವರಿಗೆ ಆಶ್ಚರ್ಯ. ತಮ್ಮ ವಿದ್ಯಾರ್ಥಿಗಳನ್ನು ಎರಡು ನಿಮಿಷ ಸುಮ್ಮನೆ ಕೂರಿಸಲು ನಲವತ್ತು ವರ್ಷದಲ್ಲಿ ಆಗಲಿಲ್ಲವಂತೆ. ಹಾಗಾದರೆ ಈಗ ನಿಮ್ಮ ಕ್ರಮ ಎಂದು ಡಬ್ಬಿ ಮುಚ್ಚಿದರು. ಎಲ್ಲರೂ ಕೂತೆವು. ನಡುವೆ ಒಮ್ಮೆ ಕಣ್ಣು ತೆರೆದು ನೋಡಿದೆ. ಹೀಬ್ರೂ ಭಾಷೆಯ ಅಕ್ಷರ ಅಕ್ಷರ ಬಲ್ಲ ಆ ಹೆಂಗಸು ಗುಡಿಸಿ ಒರೆಸಿ ದಣಿದ ನನ್ನಂಥವರ ಹಾಗೆಯೇ ಎರಡೂ ಕೈಗಳನ್ನು ಮಡಿಲಲ್ಲಿ ಮಲಗಿಸಿ ಕೂತಿದ್ದರು. ವಿದ್ಯೆ ಇದ್ದವರಿಗೆ ಭಕ್ತಿ ಇರುವುದಿಲ್ಲ ಎಂದು ನಮ್ಮ ಕೂಟದಲ್ಲಿ ನಾನೇ ಎಷ್ಟು ಸಲ ಹೇಳಿದ್ದೆನೋ. ದೇವರು ಕ್ಷಮಿಸಲಿ.

ಹೋಗುವಾಗ ಅವರಿಗೂ ಒಂದು ಚಮಚ ಹಾಲು, ಒಂದು ಕಾಳು ಕೊಟ್ಟೆವು. ಅದರ ಕಥೆಯನ್ನೆಲ್ಲ ಕೇಳಿಕೊಂಡು, ಪುಸ್ತಕದಲ್ಲಿ ಬರೆದುಕೊಂಡು, ಸೈಕಲ್ ಹತ್ತಿದರು.

ಗುರುವಾರ

ಪೆಟ್ಟಿಗೆ ಬಂತು. ಬಾಳೆನಾರು ಹಾಗೆಯೇ ಇತ್ತು. ಚಟ್ನಿಯ ಬಾಟಲಿ ಒಡೆದಿರಲಿಲ್ಲ. ಕೋರಿ ರೊಟ್ಟಿ ಮಾತ್ರ ಪುಡಿಪುಡಿ. ಹೇಗೂ ಸಾರು ಹಾಕುವಾಗ ಮುರಿಯಲೇಬೇಕಲ್ಲ, ಆ ಕೆಲಸ ಉಳಿಯಿತು ಎಂದುಕೊಂಡೆ.

ಬೈಬಲ್ ಸೀರೆಯ ಮಡಿಕೆಯೊಳಗಿತ್ತು. ತೆಗೆದು ಹಣೆಗೆ ಒತ್ತಿಕೊಂಡೆ. ಈಗ ನನ್ನ ಭಾಷೆಯ, ನನ್ನ ಬೆರಳಿನ ಗುರುತಿರುವ ಬೈಬಲ್ ನನ್ನ ಕೈಯಲ್ಲಿತ್ತು. ಕಣ್ಣು ಮುಚ್ಚಿ ತೆರೆದರೆ ಜೆಸಿಂತಾಳಿಗೆ ಕೊಡಲು ಏನಾದರೂ ಸಿಗುತ್ತಿತ್ತು. ಸುಳ್ಳು ಹೇಳಲಾರೆ, ಕೈ ತುರಿಸಿತು. ಕಣ್ಣು ಬಿಟ್ಟೇ ಹಾಗರಳ ಅಧ್ಯಾಯ ತೆರೆದೆ. ಮೊದಲಿನಿಂದ ಕೊನೆಯವರೆಗೆ ಓದಿದೆ. ಕೊನೆಯಲ್ಲಿ ಆ ದಾಸಿ ದೇವರಿಗೇ ಒಂದು ಹೆಸರಿಡುತ್ತಾಳೆ, ತನ್ನನ್ನು ನೋಡುವ ದೇವರು ಎಂದು. ದೊಡ್ಡ ದೊಡ್ಡ ಪ್ರವಾದಿಗಳು ಮಾಡದ್ದನ್ನು ಓಡಿಬಂದ ಒಬ್ಬ ದಾಸಿ ಮಾಡಿದಳು. ಅದನ್ನೂ ನಾನು ಅವತ್ತೇ ಕಂಡದ್ದು.

ಶುಕ್ರವಾರ

ಜೆಸಿಂತಾಳಿಗೆ ಫೋನ್ ಮಾಡಿದೆ.

"ವಾಕ್ಯ ಸಿಕ್ಕಿತಾ ಬಾಯಿ?"

"ಇಲ್ಲ. ಒಂದು ಮಾತು ಕೇಳ್ಲಿಕ್ಕೆ ಉಂಟು. ಅವತ್ತೇ ಕೇಳ್ಬೇಕಿತ್ತು. ಅಲ್ಲಿ ಎಂತ ಆಯ್ತು?"

ಜೆಸಿಂತಾ ಹೇಳತೊಡಗಿದಳು. ಅವಳು ಹೇಳಿದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ಜಾರಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ಮುಕ್ಕಾಲು ಗಂಟೆ ಕೇಳಿದೆ. ನಡುವೆ ಒಮ್ಮೆಯೂ "ದೇವರಿದ್ದಾನೆ ಮಗಳೇ" ಎನ್ನಲಿಲ್ಲ. ಹಾಗೆ ಹೇಳದೆ ಇರುವುದು ನನ್ನಂಥವಳಿಗೆ ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

"ಇನ್ನು ಎಲ್ಲಿಗೆ ಹೋಗ್ಬೇಕು ಅಂತ ಉಂಟು ನಿನಗೆ?" ಎಂದೆ.

ಅದಕ್ಕೆ ಅವಳು ಉತ್ತರ ಕೊಡಲಿಲ್ಲ. ಬದಲಿಗೆ ಹೇಳಿದಳು, "ನೀವು ಎಲ್ಲರ ಎದುರು ವಾಕ್ಯ ಓದಿದ್ದಕ್ಕೆ ನಾನು ಹೋದದ್ದು ಬಾಯಿ. ಈಗ ಫೋನಲ್ಲಿ ಗುಟ್ಟಾಗಿ ಕೇಳಿದ್ರೆ ಎಂತ ಪ್ರಯೋಜನ? ಆದಿತ್ಯವಾರ ಎಲ್ಲರ ಎದುರೇ ಹೇಳ್ಬೇಕು ನೀವು."

ಕೆನ್ನೆಗೆ ಹೊಡೆದ ಹಾಗಾಯಿತು. ಹದಿನಾರು ವರ್ಷದ ಹೆಸರು ಕಣ್ಣೆದುರು ಬಂತು. ಆದರೂ ಹುಡುಗಿ ಹೇಳಿದ್ದು ನ್ಯಾಯ.

ಶನಿವಾರ, ಜುಬಿಲಿ

ಮಠದ ಇಗರ್ಜಿಯ ಬಲಿಪೂಜೆಯಲ್ಲಿ ಅಕ್ಕ ಐವತ್ತು ವರ್ಷದ ಹಿಂದಿನ ವ್ರತವನ್ನು ಮತ್ತೆ ಓದಿದಳು. ಧ್ವನಿ ನಡುಗಲಿಲ್ಲ. ನಾನು ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತು ಅವಳ ಪಾಲಿನದ್ದನ್ನೂ ಸೇರಿಸಿ ಅತ್ತೆ. ಮಧ್ಯಾಹ್ನ ಮಠದ ಅಡಿ‍ಗೆಮನೆಯಲ್ಲಿ ಕೋಳಿ ಸಾರು ಮಾಡಿ ಕೋರಿ ರೊಟ್ಟಿಯ ಪುಡಿಯ ಮೇಲೆ ಸುರಿದು ಬಡಿಸಿದೆ. ಕಸದ ಪಾಠ ಹೇಳಿದ ಆ ಹಿರಿಯ ಸಿಸ್ಟರ್ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ ಎರಡು ಸಲ ಹಾಕಿಸಿಕೊಂಡರು.

ಆದಿತ್ಯವಾರ, ಲಾಂಡ್ರಿ ಕೋಣೆ

ಊರಿನಲ್ಲಿ ಹತ್ತು ಗಂಟೆ ಎಂದರೆ ಇಲ್ಲಿ ಬೆಳಗಿನ ಆರೂವರೆ. ಸಿಸ್ಟರುಗಳು ಪ್ರಾರ್ಥನೆಯಲ್ಲಿದ್ದರು. ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುವುದು ಲಾಂಡ್ರಿಯಲ್ಲಿ. ಅಕ್ಕ ಪ್ರಾರ್ಥನೆ ತಪ್ಪಿಸಿ ನನ್ನ ಜೊತೆ ಬಂದು, ಮಡಿಸಿಟ್ಟ ಬೆಡ್‌ಶೀಟುಗಳ ಪಕ್ಕ ನಿಂತಳು. ಐವತ್ತು ವರ್ಷದಲ್ಲಿ ಇದು ನಾಲ್ಕನೇ ಸಲವಂತೆ.

ವೀಡಿಯೋದಲ್ಲಿ ಜೆಸಿಂತಾಳ ತಾಯಿಯ ಮನೆಯ ಚಾವಡಿ ಕಂಡಿತು. ಒಂದು ಕಡೆ ಅತ್ತೆ, ಅವರ ಕಡೆಯ ಇಬ್ಬರು. ಇನ್ನೊಂದು ಕಡೆ ತಾಯಿ. ಜೆಸಿಂತಾ ಬಾಗಿಲಿನ ಹತ್ತಿರ ನಿಂತಿದ್ದಳು. ನಮ್ಮ ಕೂಟದ ನಾಲ್ಕೈದು ಹೆಂಗಸರು ಕಿಟಕಿಯ ಪಕ್ಕ.

"ಸೆವ್ರಿನ್ ಬಾಯಿ, ಕೇಳ್ತದಾ? ಅಲ್ಲಿ ಚಳಿಯಾ?" ಎಂದರು ಗುರ್ಕಾರ ಪಾವ್ಲು ಮಾಮ.

"ಕೇಳ್ತದೆ ಮಾಮ. ನನಗೆ ಒಂದು ಮಾತು ಹೇಳ್ಲಿಕ್ಕೆ ಉಂಟು. ತಪಸ್ಸು ಕಾಲದಲ್ಲಿ ನಾನು ಇವಳಿಗೆ ಒಂದು ವಾಕ್ಯ ಓದಿ ಹೇಳಿದೆ, ಹಿಂದೆ ಹೋಗು ಅಂತ. ಅದರ ಮೇಲಿನ ಸಾಲು ನಾನು ಓದಲಿಲ್ಲ. ಅವಳ ಹತ್ತಿರ ಒಂದು ಮಾತೂ ಕೇಳಲಿಲ್ಲ. ಆ ವಾಕ್ಯ ಅವಳಿಗೆ ಬಂದದ್ದಲ್ಲ, ನಾನು ಅವಳ ಮೇಲೆ ಹಾಕಿದ್ದು. ತಪ್ಪು ನನ್ನದು."

ಕಿಟಕಿಯ ಬಳಿ ಯಾರೋ "ಯೇಸು!" ಎಂದು ಉಸುರಿದರು. ಅತ್ತೆಯ ಧ್ವನಿ ಎದ್ದಿತು. "ಹಾಗಾದ್ರೆ ದೇವರ ವಾಕ್ಯವೇ ಸುಳ್ಳಾ? ಒಂದು ವಾರ ಜರ್ಮನಿಯಲ್ಲಿ ಕೂತದ್ದಕ್ಕೆ ದೊಡ್ಡ ಪಂಡಿತೆ ಆದ್ರು!"

"ವಾಕ್ಯ ಸುಳ್ಳಲ್ಲ ಬಾಯಿ. ಅರ್ಧ ಓದಿದವಳು ನಾನು."

ಪಾವ್ಲು ಮಾಮ ತಲೆ ತುರಿಸಿಕೊಂಡರು. ಒಳ್ಳೆಯ ಮನುಷ್ಯ, ಜಗಳ ಎಂದರೆ ಹೆದರಿಕೆ. "ಆಯ್ತು. ಈಗ ಬೇರೆ ಎಂತ ವಾಕ್ಯ ಬಂತು? ಅದನ್ನು ಹೇಳಿ, ಹಾಗೇ ಮಾಡುವ."

"ತೆಗೆಯಲಿಲ್ಲ ಮಾಮ. ಆ ಅಧ್ಯಾಯದಲ್ಲಿ ದೇವದೂತ ಮೊದಲು ಕೇಳಿದ್ದನ್ನು ನೀವೂ ಕೇಳಿ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀ ಅಂತ."

"ನಾನಾ?"

"ನೀವು ಗುರ್ಕಾರ ಅಲ್ವಾ?"

ಅವರು ಎದ್ದರೋ ಏನೋ, ಫೋನ್ ಹಿಂದಕ್ಕೆ ಜಾರಿ ಬಿತ್ತು. ಆಮೇಲೆ ನಮಗೆ ಕಂಡದ್ದು ತಿರುಗುವ ಫ್ಯಾನು ಮತ್ತು ಮಾಡಿನ ಹಂಚು ಮಾತ್ರ. ಅಕ್ಕ ನನ್ನ ಮೊಣಕೈ ಹಿಡಿದಳು. ಪಾವ್ಲು ಮಾಮ ಗಂಟಲು ಸರಿಮಾಡಿ ಆ ಎರಡು ಪ್ರಶ್ನೆ ಕೇಳಿದ್ದು ಕೇಳಿಸಿತು. ಪಾಪ, ಪೂಜೆಯಲ್ಲಿ ವಾಚನ ಓದುವ ಧ್ವನಿಯಲ್ಲಿ ಕೇಳಿದರು.

ಜೆಸಿಂತಾ ಎಲ್ಲಿಂದ ಎಂಬುದನ್ನು ಮೊದಲು ಹೇಳಿದಳು. ಕಲ್ಲು, ಕೈ, ರಾತ್ರಿ ಹಾಕಿದ ಬಾಗಿಲು. ಶುಕ್ರವಾರ ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ಗಟ್ಟಿಯಾಗಿ. ಅತ್ತೆ ನಡುವೆ ಏನೋ ಹೇಳಹೊರಟರು, ಪಾವ್ಲು ಮಾಮ "ಸ್ವಲ್ಪ ನಿಲ್ಲಿ, ಅವಳು ಮುಗಿಸ್ಲಿ" ಎಂದರು. ಆ ಮನುಷ್ಯ ಯಾರಿಗಾದರೂ ನಿಲ್ಲಿ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮತ್ತೆ ಎಲ್ಲಿಗೆ?" ಎಂದರು.

"ನಿಟ್ಟೆಗೆ," ಎಂದಳು ಜೆಸಿಂತಾ. "ಕಾಲೇಜಿನ ಹಾಸ್ಟೆಲ್ ಆಫೀಸಲ್ಲಿ ಕೆಲಸ ಕೇಳಿದ್ದೆ. ಇರ್ಲಿಕ್ಕೆ ಅಲ್ಲೇ ಕೋಣೆ ಉಂಟು. ಕೈ ಸರಿಯಾದ ಕೂಡ್ಲೇ ಬನ್ನಿ ಅಂತ ಹೇಳಿದ್ದಾರೆ. ಕಾರ್ಕಳದ ಬಸ್ಸಲ್ಲಿ ಒಬ್ಬಳೇ ಹೋಗಿ ನೋಡಿ ಬಂದಿದ್ದೇನೆ."

ಕುರ್ಚಿ ಕಿರ್ರೆಂದಿತು. ಅವಳ ತಾಯಿಯ ಧ್ವನಿ. "ಎಲ್ಲ ಮಾಡಿ ಬಂದಿದ್ದೀಯಾ? ನನ್ನ ಹತ್ತಿರವೂ ಒಂದು ಮಾತು ಹೇಳಲಿಲ್ಲ ಅಲ್ವಾ ನೀನು?"

"ಯಾರೂ ಕೇಳಲೇ ಇಲ್ಲ ಅಮ್ಮ."